ರಟ್ಟಿನ ಮೇಲಿನ ಚುಕ್ಕೆಗಳು

ಮೂರು ತಿಂಗಳು ನಿಂತಲ್ಲೇ ನಿಂತಿದ್ದ ಬೈಕನ್ನು ಮತ್ತೆ ಓಡಿಸಲು ಶುರು ಮಾಡಿ ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಗಾಡಿ ಹೊರಗೆ ತಳ್ಳಿದಾಗ ಅದು ನಿಂತಿದ್ದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಬಗ್ಗಿ ಬೆರಳಲ್ಲಿ ಒರೆಸಿ ನೋಡಿದೆ. ಎರಡು ಬೆರಳ ನಡುವೆ ಉಜ್ಜಿದರೆ ಜಾರುತ್ತಿತ್ತು, ಮೂಗಿನ ಹತ್ತಿರ ಹಿಡಿದರೆ ಕಾದು ಆರಿದ ಎಣ್ಣೆಯ ವಾಸನೆ. ಇಂಜಿನ್ ಆಯಿಲ್, ಅನುಮಾನವಿಲ್ಲ. ಕೆಳಗೆ ಕೂತು ಇಂಜಿನ್ನಿನ ತಳ ನೋಡಿದರೆ ಹಳೇ ಆಯಿಲ್ ಹೊರಬಿಡಲು ಬಿಚ್ಚುವ ಡ್ರೈನ್ ಬೋಲ್ಟಿನ ತುದಿಯಲ್ಲಿ ಇನ್ನೊಂದು ಹನಿ ಬೀಳಲೋ ಬೇಡವೋ ಎಂಬಂತೆ ತೂಗುತ್ತಿತ್ತು.

22 ವರ್ಷದ ಗಾಡಿ. 100 ಸಿಸಿಯ, ಗಾಳಿಯಲ್ಲೇ ತಣಿಯುವ ಒಂಟಿ ಸಿಲಿಂಡರಿನ ಇಂಜಿನ್, ಒಳಗೆ ಹೆಚ್ಚು ಕಡಿಮೆ ಒಂದು ಲೀಟರ್ ಆಯಿಲ್. ಇಷ್ಟು ವರ್ಷ ಅದು ನೆಲಕ್ಕೆ ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಹಾಗಾಗಿಯೇ ಆ ಚುಕ್ಕೆ ನೋಡಿ ನನಗಾದದ್ದು ಸಿಟ್ಟಲ್ಲ, ಭಯ. ಮನೆಯಲ್ಲಿ ವಯಸ್ಸಾದವರು ಊಟದ ಮಧ್ಯೆ ಒಮ್ಮೆ ಕೆಮ್ಮಿದರೆ ಎಲ್ಲರೂ ತಲೆ ಎತ್ತಿ ನೋಡುತ್ತಾರಲ್ಲ, ಅಂಥದ್ದು.

ಈಗ ಯೋಚಿಸಿದರೆ ನಮ್ಮ ಭಾಷೆಯಲ್ಲೇ ಇದಕ್ಕೊಂದು ಅಳತೆಗೋಲು ಇದೆ ಅನ್ನಿಸುತ್ತದೆ. ಪಸೆ ಆಡುವುದು, ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಸುರಿಯುವುದು. ಎಲ್ಲವನ್ನೂ 'ಲೀಕ್' ಅಂದುಬಿಟ್ಟರೆ ಎಲ್ಲಕ್ಕೂ ಒಂದೇ ಮದ್ದು ಅನ್ನಿಸುತ್ತದೆ, ಆದರೆ ಹಾಗಿಲ್ಲ. ಎರಡು ಲೋಹದ ಭಾಗ ಕೂಡುವ ಗೆರೆಯಲ್ಲಿ ಎಣ್ಣೆಯ ಪಸೆ ಕಂಡು, ಅದರ ಮೇಲೆ ಧೂಳು ಕೂತು ಕಪ್ಪಾಗಿದ್ದರೆ ಅದನ್ನು ಒರೆಸಿ ಕಣ್ಣಿಟ್ಟರೆ ಸಾಕು. ಜಿನುಗಿ ಇಳಿಯುತ್ತಿದ್ದರೆ ಮೂಲ ಹುಡುಕಬೇಕು. ತೊಟ್ಟಿಕ್ಕುತ್ತಿದ್ದರೆ ಹುಡುಕುವುದನ್ನು ಮುಂದಿನ ತಿಂಗಳಿಗೆ ಹಾಕುವಂತಿಲ್ಲ. ಸೋರುತ್ತಿದ್ದರೆ ಗಾಡಿಯನ್ನು ನಿಲ್ಲಿಸಲೇಬೇಕು. ನನ್ನದು ಜಿನುಗಿಗೂ ತೊಟ್ಟಿಕ್ಕುವುದಕ್ಕೂ ನಡುವೆ ಇತ್ತು.

ಅಂದು ರಾತ್ರಿ ಇಂಜಿನ್ನಿನ ಕೆಳಗೆ ಒಂದು ರಟ್ಟಿನ ಹಾಳೆ ಹಾಸಿದೆ. ಎರಡೂ ಚಕ್ರ ಮುಟ್ಟುವ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದೆ, ಗಾಡಿ ದಿನವೂ ಅದೇ ಜಾಗದಲ್ಲಿ ನಿಲ್ಲಲಿ ಎಂದು. ಬೆಳಿಗ್ಗೆ ಬಿದ್ದಿದ್ದ ಚುಕ್ಕೆಯ ಸುತ್ತ ಒಂದು ವೃತ್ತ, ಪಕ್ಕದಲ್ಲಿ ತಾರೀಖು. ಈ ಇಡೀ ಪ್ರಸಂಗದಲ್ಲಿ ನಾನು ಮಾಡಿದ ಮೊದಲ ಒಳ್ಳೆಯ ಕೆಲಸ ಅದು. ವಾರದ ಕೊನೆಗೆ ಲೆಕ್ಕ ಸಿಕ್ಕಿತು: ಓಡಿಸಿದ ದಿನ ಒಂದೋ ಎರಡೋ ಹನಿ, ಓಡಿಸದ ದಿನ ಏನೂ ಇಲ್ಲ. ಎಣ್ಣೆಯ ಇಪ್ಪತ್ತೋ ಮೂವತ್ತೋ ಹನಿ ಸೇರಿದರೆ ಒಂದು ಮಿಲಿಲೀಟರ್. ದಿನಕ್ಕೊಂದು ಹನಿ ಎಂದರೂ ವರ್ಷಕ್ಕೆ 12ರಿಂದ 18 ಮಿಲಿಲೀಟರ್, ಹೆಚ್ಚೆಂದರೆ ನಾಲ್ಕು ಟೀ ಚಮಚ. ಒಂದು ಲೀಟರಿನಲ್ಲಿ ಅಷ್ಟು ಹೋದರೆ ಇಂಜಿನ್ನಿಗೆ ಏನೂ ಆಗುವುದಿಲ್ಲ. ಎಣ್ಣೆ ತೆಳ್ಳಗೆ ಹರಡಿಕೊಳ್ಳುವುದರಿಂದ ಒಂದೇ ಹನಿ ಅಂಗೈಯಗಲ ಕಲೆಯಾಗಿ ಕಣ್ಣಿಗೆ ಹೊಡೆಯುತ್ತದೆ ಅಷ್ಟೇ. ಈ ಲೆಕ್ಕ ಹಾಕಿದ ಮೇಲೆ ನನ್ನ ಭಯ ಅರ್ಧ ಇಳಿಯಿತು.

ಓಡಿಸದ ದಿನ ಯಾಕೆ ಬೀಳುವುದಿಲ್ಲ ಎಂಬುದಕ್ಕೂ ಕಾರಣವಿದೆ. 20ಡಬ್ಲ್ಯೂ-40 ದರ್ಜೆಯ ಇಂಜಿನ್ ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಷ್ಟು ಮಂದವಾಗಿ 100 ಡಿಗ್ರಿಯಲ್ಲಿ ಇರುವುದಿಲ್ಲ. ಅದರ ಮಂದತನ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿದಿರುತ್ತದೆ. ತಣ್ಣಗಿದ್ದಾಗ ದಾಟಲಾಗದ ಸಂದನ್ನು ಬಿಸಿಯಾದಾಗ ಅದು ಸರಾಗವಾಗಿ ದಾಟುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಬೀಳುವ ಹನಿ ನಿಂತಾಗ ಸೋರಿದ್ದಲ್ಲ, ಓಡುವಾಗ ಹೊರಬಂದು ತಳಕ್ಕೆ ಇಳಿದು ಸೇರಿಕೊಂಡಿದ್ದು. ಅಂದರೆ ಹನಿ ಬಿದ್ದ ಜಾಗಕ್ಕೂ ಎಣ್ಣೆ ಹೊರಟ ಜಾಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಇದು ನನಗೆ ಆಗ ಹೊಳೆಯಲಿಲ್ಲ. ಹನಿ ಡ್ರೈನ್ ಬೋಲ್ಟಿನಿಂದ ಬೀಳುತ್ತಿತ್ತು, ಹಾಗಾಗಿ ಡ್ರೈನ್ ಬೋಲ್ಟಿನ ವಾಷರ್ ಬದಲಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಅದರ ಮೇಲೆ ವಿದ್ಯುತ್ ಹುಟ್ಟಿಸುವ ಭಾಗವನ್ನು ಮುಚ್ಚುವ ಎಡಗಡೆಯ ಮ್ಯಾಗ್ನೆಟ್ ಕವರಿನ ಕೆಳ ಅಂಚು ಒದ್ದೆಯಾಗಿತ್ತು, ಇಲ್ಲೇ ಇರಬೇಕು ಅಂದುಕೊಂಡು ಕವರಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಹೋದೆ. ಆರು ಮಿಲಿಮೀಟರಿನ ಬೋಲ್ಟುಗಳು ಅವು. ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ ಕೂರುವ ಅಂಥ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ಗೇಣಿಗಿಂತ ಚಿಕ್ಕದಾದ, ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕಿಲೋ ಭಾರ ಹಾಕಿದಷ್ಟು. ಉದ್ದ ಹಿಡಿಯ ರ‍್ಯಾಚೆಟ್ ಕೈಯಲ್ಲಿದ್ದರೆ ಅದರ ಎರಡರಷ್ಟು ಹಾಕಿದ್ದೇ ಗೊತ್ತಾಗುವುದಿಲ್ಲ. ನಾಲ್ಕನೇ ಬೋಲ್ಟು ಮೊದಲು ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಮೆತ್ತಗಾಯಿತು. ಆ ಕ್ಷಣವನ್ನು ಕೈ ಮರೆಯುವುದಿಲ್ಲ. ಬೋಲ್ಟು ಹೊರಗೆ ತೆಗೆದಾಗ ಅದರ ಥ್ರೆಡ್ಡಿಗೆ ಬೆಳ್ಳಿಯ ತಂತಿಯಂತೆ ಸುತ್ತಿಕೊಂಡು ಬಂದದ್ದು ಇಂಜಿನ್ನಿನ ಕೆಳಭಾಗದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಅಲ್ಯೂಮಿನಿಯಂ.

ಥ್ರೆಡ್ ಹೋದ ತೂತಿಗೆ ಹೆಲಿಕಾಯಿಲ್ ಕೂರಿಸಿಕೊಡಲು ಲೇತ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಹಳೆಯ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಅದರೊಳಗೆ ಸ್ಪ್ರಿಂಗಿನಂತೆ ಸುತ್ತಿದ ಸ್ಟೀಲ್ ತಂತಿಯನ್ನು ತಿರುಗಿಸಿ ಇಳಿಸುತ್ತಾರೆ. ಮೂಲ ಬೋಲ್ಟೇ ಮತ್ತೆ ಕೂರುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ಕೆಲಸ ಮಾಡುತ್ತಲೇ ಅವರು ಕೇಳಿದರು:

"ಆಯಿಲ್ ಇಲ್ಲಿಂದಾನೇ ಬರ್ತಿತ್ತಾ ಸರ್?"

"ಇಲ್ಲೇ ಇರ್ಬೇಕು ಅಂದ್ಕೊಂಡೆ."

"ಬರೋದು ನೋಡಿದ್ರಾ?"

ನಾನು ನೋಡಿರಲಿಲ್ಲ. ಒದ್ದೆಯಾಗಿದ್ದನ್ನು ನೋಡಿದ್ದೆ, ಅಷ್ಟೇ. "ಒಂದ್ಸಲ ಪೂರ್ತಿ ತೊಳೀರಿ. ತೊಳೆದ್ಮೇಲೆ ಅದೇ ಹೇಳತ್ತೆ" ಅಂದು ಅವರು ತಮ್ಮ ಕೆಲಸ ಮುಂದುವರಿಸಿದರು.

ಮುಂದಿನ ರಜೆಯ ದಿನ ಇಂಜಿನ್ ತೊಳೆಯಲು ಕೂತೆ. ಸೀಮೆಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್ಷು, ಒಂದು ಬಟ್ಟಲು, ಹತ್ತಿಯ ಚಿಂದಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಹತ್ತಿರದಲ್ಲೆಲ್ಲೂ ಬೆಂಕಿ ಇರಬಾರದು. ಜೋರು ನೀರಿನ ಪ್ರೆಷರ್ ಹೊಡೆಯುವುದು ಸುಲಭ, ಆದರೆ ಅದು ಸೀಲುಗಳ ಸಂದಿಗೂ ವೈರಿಂಗ್ ಒಳಕ್ಕೂ ನೀರು ನುಗ್ಗಿಸುತ್ತದೆ ಎಂದು ಬಿಟ್ಟೆ. ಕೂಲಿಂಗ್ ಫಿನ್ನುಗಳ ನಡುವೆ ವರ್ಷಗಳಿಂದ ಎಣ್ಣೆ ಮತ್ತು ಧೂಳು ಬೆರೆತು ಗಟ್ಟಿ ಹಕ್ಕಳೆಯಾಗಿತ್ತು. ಒಂದೊಂದು ಫಿನ್ನಿನ ಸಂದಿಯಲ್ಲೂ ಬ್ರಷ್ ಆಡಿಸುತ್ತಾ ಎರಡು ತಾಸು ಹೋಯಿತು. ಇಷ್ಟು ವರ್ಷದಿಂದ ಓಡಿಸುತ್ತಿರುವ ಗಾಡಿಯ ಇಂಜಿನ್ನಿನ ಮೇಲೆ ಎಲ್ಲೆಲ್ಲಿ ಯಾವ ಅಂಕೆ ಅಚ್ಚಾಗಿದೆ, ಯಾವ ಬೋಲ್ಟಿನ ತಲೆ ಬೇರೆಯವಕ್ಕಿಂತ ಭಿನ್ನ ಎಂಬುದು ನನಗೆ ಮೊದಲ ಬಾರಿ ಗೊತ್ತಾಗಿದ್ದು ಅಂದು. ತೊಳೆದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟೆ, ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಲು.

ಇಂಜಿನ್ ಪೂರ್ತಿ ಒಣಗಿದ ಮೇಲೆ ಮೈಗೆ ಹಾಕುವ ಟಾಲ್ಕಂ ಪೌಡರನ್ನು ಅಂಗೈಗೆ ಹಾಕಿಕೊಂಡು ಕವರುಗಳ ಅಂಚಿಗೆ, ಸಿಲಿಂಡರಿನ ಬುಡಕ್ಕೆ, ಹೆಡ್ಡಿನ ಹಿಂಭಾಗಕ್ಕೆ ಊದಿದೆ. ತೆಳ್ಳಗೆ ಬೆಳ್ಳಗಾಗುವಷ್ಟು ಸಾಕು. ಆಮೇಲೆ ಐದು ಕಿಲೋಮೀಟರ್, ನಿಧಾನವಾಗಿ ಓಡಿಸಿದೆ. ಬೇಗ ವಾಪಸ್ ಬಂದು ನೋಡುವುದೇ ಇದರ ಗುಟ್ಟು. ಹೆಚ್ಚು ದೂರ ಹೋದರೆ ಎಣ್ಣೆ ಮತ್ತೆ ಎಲ್ಲ ಕಡೆ ಹರಡಿ ಗುರುತು ಅಳಿಸಿಹೋಗುತ್ತದೆ. ಎಣ್ಣೆ ತನ್ನ ಭಾರಕ್ಕೆ ಕೆಳಗೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯ ಗುರುತಿನಲ್ಲಿ ಅತಿ ಮೇಲಿನ, ಅತಿ ಮುಂದಿನ ಬಿಂದು ಯಾವುದೋ ಅದೇ ಮೂಲ.

ಟಾರ್ಚ್ ಹಿಡಿದು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋದೆ. ಮ್ಯಾಗ್ನೆಟ್ ಕವರಿನ ಅಂಚು ಪೂರ್ತಿ ಬೆಳ್ಳಗೆ, ಒಣಗಿತ್ತು. ನಾನು ಥ್ರೆಡ್ ಹಾಳು ಮಾಡಿದ ಜಾಗದಲ್ಲಿ ಒಂದು ತೊಟ್ಟೂ ಇರಲಿಲ್ಲ. ಅದರ ಮೇಲೆ, ಕ್ರ್ಯಾಂಕ್‌ಕೇಸಿನ ನೆತ್ತಿಯಿಂದ ಎಡಕ್ಕೆ ಇಳಿದ ಸಣ್ಣ ಕಂದು ಗೆರೆ, ಹುಲ್ಲುಕಡ್ಡಿಯಷ್ಟು ದಪ್ಪ. ಅದರ ಬೆನ್ನು ಹತ್ತಿದರೆ ಸಿಲಿಂಡರಿನ ಹಿಂಬದಿ. ಇನ್ನೂ ಮೇಲೆ ಹೋದರೆ ಕಾರ್ಬ್ಯುರೇಟರಿನ ಹಿಂದೆ ಮರೆಯಾಗಿರುವ, ಸುಮ್ಮನೆ ನಿಂತು ನೋಡಿದರೆ ಕಾಣದ ಹಿಂದಿನ ಟ್ಯಾಪೆಟ್ ಕವರ್, ವಾಲ್ವಿನ ಜಾಗದ ಮುಚ್ಚಳ. ಅದರ ಕೆಳ ಅಂಚಿನಲ್ಲಿ ಪೌಡರು ಅರ್ಧಚಂದ್ರಾಕಾರದಲ್ಲಿ ನೆನೆದಿತ್ತು. ಅಲ್ಲಿಂದ ಹೊರಟ ಎಣ್ಣೆ ಒಂದಡಿಗೂ ಹೆಚ್ಚು ದಾರಿ ಸವೆಸಿ, ಡ್ರೈನ್ ಬೋಲ್ಟ್ ಮುಟ್ಟಿ, ಅಲ್ಲಿಂದ ನೆಲಕ್ಕೆ ಬೀಳುತ್ತಿತ್ತು.

ಟ್ಯಾಪೆಟ್ ಕವರ್ ಬಿಚ್ಚಿದಾಗ ಎಣ್ಣೆ ತಡೆಯುವ ಅದರ ರಬ್ಬರಿನ ಉಂಗುರ, ಓ-ರಿಂಗ್, ಕೈಗೆ ಬಂತು. ಹೊಸ ಓ-ರಿಂಗನ್ನು ಕತ್ತರಿಸಿದರೆ ಅದರ ಅಡ್ಡಕೊಯ್ತ ದುಂಡಗಿರುತ್ತದೆ. ಇದು ಎರಡು ಕಡೆಯಿಂದಲೂ ಒತ್ತಿಸಿಕೊಂಡು ಚಪ್ಪಟೆಯಾಗಿತ್ತು, ಉಗುರಿನಲ್ಲಿ ಒತ್ತಿದರೆ ಗುರುತೇ ಮೂಡದಷ್ಟು ಗಟ್ಟಿಯಾಗಿತ್ತು. ಬಗ್ಗಿಸಿದೆ, ಹೊರಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ತೆರೆದುಕೊಂಡವು. ಇನ್ನೂ ಸ್ವಲ್ಪ ಬಗ್ಗಿಸಿದಾಗ ಟಕ್ಕನೆ ಮುರಿಯಿತು. ರಬ್ಬರು ಮುರಿಯುವ ವಸ್ತುವಲ್ಲ. ಮುರಿಯಿತೆಂದರೆ ಅದು ರಬ್ಬರಾಗಿ ಉಳಿದಿಲ್ಲ ಎಂದೇ ಅರ್ಥ.

ಓ-ರಿಂಗಿನ ಕೆಲಸವೆಲ್ಲ ಇರುವುದು ಅದು ತಿರುಗಿ ಒತ್ತುವುದರಲ್ಲಿ. ಅದು ಕೂರುವ ಗುಂಡಿಯ ಆಳಕ್ಕಿಂತ ಅದರ ದಪ್ಪ ತುಸು ಹೆಚ್ಚಿರುತ್ತದೆ. ಕವರ್ ಬಿಗಿದಾಗ ಅದು ಅಮುಕಿಕೊಂಡು, ಮೊದಲಿನ ಆಕಾರಕ್ಕೆ ಬರಲು ಒದ್ದಾಡುತ್ತಾ ಎರಡೂ ಮೈಗೆ ಒತ್ತಿ ಕೂರುತ್ತದೆ. ಆ ಒದ್ದಾಟವೇ ಸೀಲ್. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಆ ಗುಣ ಹೋದರೆ ಅದು ಬರೀ ಬಳೆ. ಇಂದು ನಮಗೆ ಗೊತ್ತಿರುವ ಈ ಓ-ರಿಂಗಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಡೆನ್ಮಾರ್ಕಿನಲ್ಲಿ ಹುಟ್ಟಿದ ನೀಲ್ಸ್ ಕ್ರಿಸ್ಟೆನ್ಸೆನ್. 1937ರಲ್ಲಿ ಅರ್ಜಿ ಹಾಕಿದಾಗ ಅವನ ವಯಸ್ಸು ಎಪ್ಪತ್ತು ದಾಟಿತ್ತು, ಪೇಟೆಂಟ್ ಸಿಕ್ಕಿದ್ದು 1939ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ ಅದರ ಹಕ್ಕನ್ನು ಕೊಂಡು ತಯಾರಕರಿಗೆಲ್ಲ ಬಿಟ್ಟುಕೊಟ್ಟಿತು. ಇಷ್ಟು ಸರಳವಾದ ವಸ್ತು, ಒಂದು ರಬ್ಬರಿನ ಉಂಗುರ ಮತ್ತು ಅದಕ್ಕೊಂದು ಸರಿಯಾದ ಗುಂಡಿ, ಮನುಷ್ಯನಿಗೆ ಹೊಳೆಯಲು ಅಷ್ಟು ತಡವಾಯಿತು ಎಂಬುದು ಆ ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡಾಗ ನನಗೆ ಬೆರಗೆನಿಸಿತು.

ಹೊಸ ಓ-ರಿಂಗಿಗೆ ಎರಡು ತೊಟ್ಟು ಆಯಿಲ್ ಸವರಿ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಮೂರು ವಾರ ರಟ್ಟು ಒಣಗಿತ್ತು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ನಾಲ್ಕನೇ ವಾರ ಮತ್ತೆ ಚುಕ್ಕೆ ಬಿತ್ತು, ಈ ಸಲ ಒಂದು ಗೇಣು ಎಡಕ್ಕೆ. ರಟ್ಟಿನ ಮೇಲೆ ಚಕ್ರದ ಗೆರೆ ಎಳೆದಿಟ್ಟಿದ್ದರಿಂದ ಅದು ಬೇರೆ ಜಾಗ ಎಂದು ತಕ್ಷಣ ತಿಳಿಯಿತು. ಮತ್ತೆ ತೊಳೆದು ಪೌಡರ್ ಹಾಕಿದೆ. ಗೇರ್ ಲಿವರ್ ಕೂರುವ ಶಾಫ್ಟಿನ ಸೀಲ್. ಅದನ್ನು ಹೊರಗಿನಿಂದಲೇ ಬದಲಿಸಬಹುದು, ಕವರ್ ಬಿಚ್ಚಬೇಕಿಲ್ಲ. ಆದರೆ ಸೀಲ್ ಕೂರುವ ಗುಂಡಿಗೆ ಸ್ಕ್ರೂಡ್ರೈವರಿನಿಂದ ಒಂದು ಗೀರು ಬಿದ್ದರೂ ಹೊಸ ಸೀಲ್ ಆ ಗೀರಿನಿಂದಲೇ ಸೋರುತ್ತದೆ. ಮೊದಲ ಸಲ ಅವಸರ ಮಾಡಿ ಅನುಭವಿಸಿದ್ದೆನಲ್ಲ, ಈ ಸಲ ತಾಳ್ಮೆಯಿಂದ ಎತ್ತಿದೆ. ಶಾಫ್ಟಿನ ತುದಿಯಲ್ಲಿ ಲಿವರ್ ಹಿಡಿಯುವ ಚೂಪು ಹಲ್ಲುಗಳಿರುತ್ತವೆ, ಸೀಲಿನ ತುಟಿ ಅವುಗಳ ಮೇಲೆ ಜಾರುವಾಗ ಕೊಯ್ದುಹೋಗಬಾರದೆಂದು ಅದಕ್ಕೊಂದು ತೆಳು ಪ್ಲಾಸ್ಟಿಕ್ ಸುತ್ತಿದೆ. ಸೀಲಿನೊಳಗಿನ ಪುಟ್ಟ ಸ್ಪ್ರಿಂಗ್ ಎಣ್ಣೆಯ ಕಡೆಗೆ ಮುಖ ಮಾಡಿರಬೇಕು. ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಇಳಿಸಿದೆ.

ಎರಡೇ ವಾರ. ಮೂರನೇ ಜಾಗದಲ್ಲಿ, ಮ್ಯಾಗ್ನೆಟ್ಟಿನ ವೈರುಗಳು ಹೊರಬರುವ ರಬ್ಬರಿನ ಸುತ್ತ ಎಣ್ಣೆ ಒಸರಲು ಶುರುವಾಯಿತು.

ಆಗ ನಿಂತು ಯೋಚಿಸಿದೆ. ಒಂದು ಗಾಡಿಯಲ್ಲಿ 22 ವರ್ಷ ಸುಮ್ಮನಿದ್ದ ಮೂರು ಜಾಗಗಳು ಎರಡು ತಿಂಗಳಲ್ಲಿ ಒಂದರ ಹಿಂದೆ ಒಂದು ಯಾಕೆ ಸೋಲುತ್ತಿವೆ? ಇಷ್ಟು ದಿನ ನಾನು ಎಲ್ಲಿಂದ ಸೋರುತ್ತಿದೆ ಎಂದು ಮಾತ್ರ ಕೇಳಿದ್ದೆ. ಯಾಕೆ ಎಂದು ಕೇಳಿರಲೇ ಇಲ್ಲ. ಹಳೆಯದಾಯಿತು, ಅದಕ್ಕೇ ಎಂದು ಉತ್ತರ ಮೊದಲೇ ಸಿದ್ಧವಿತ್ತು. ತೆಗೆದಿಟ್ಟಿದ್ದ ಹಳೇ ಗೇರ್ ಶಾಫ್ಟ್ ಸೀಲನ್ನು ಹುಡುಕಿ ನೋಡಿದೆ. ಅದರ ತುಟಿ ಇನ್ನೂ ಮೆತ್ತಗಿತ್ತು. ಬಿರುಕಿಲ್ಲ, ಸವೆತವಿಲ್ಲ. ಸೋರುವಂಥ ಸೀಲೇ ಅಲ್ಲ ಅದು.

ಅಂದು ಸಂಜೆ ಓಡಿಸಿಕೊಂಡು ಬಂದು, ಇಂಜಿನ್ ಆಫ್ ಮಾಡಿದ ಕೂಡಲೇ ಆಯಿಲ್ ಅಳತೆಕಡ್ಡಿಯ ಮುಚ್ಚಳ ತಿರುಗಿಸಿದೆ. ಫುಸ್ ಎಂದು ಗಾಳಿ ಹೊರಬಂತು, ಸೋಡಾ ಬಾಟಲಿ ತೆರೆದ ಹಾಗೆ.

ಇಂಜಿನ್ನಿನ ಹೊಟ್ಟೆಯಲ್ಲಿ ಗಾಳಿ ಹಾಗೆ ಕಟ್ಟಿಕೊಂಡಿರಬಾರದು. ಪಿಸ್ಟನ್ ಕೆಳಗೆ ಬರುವಾಗ ತನ್ನ ಅಡಿಯಲ್ಲಿರುವ ಗಾಳಿಯನ್ನು ಕ್ರ್ಯಾಂಕ್‌ಕೇಸಿನ ಒಳಕ್ಕೆ ಒತ್ತುತ್ತದೆ. 100 ಸಿಸಿ ಇಂಜಿನ್ನಿನಲ್ಲಿ ಪ್ರತಿ ಸಲ 100 ಸಿಸಿಯಷ್ಟು ಗಾಳಿ. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ. ಎರಡು ಮೂರು ಸಿಲಿಂಡರ್ ಇದ್ದರೆ ಒಂದು ಇಳಿಯುವಾಗ ಇನ್ನೊಂದು ಏರಿ ಸ್ವಲ್ಪ ಸರಿದೂಗಿಸಬಹುದು, ಒಂಟಿ ಸಿಲಿಂಡರಿಗೆ ಆ ಜೊತೆಯಿಲ್ಲ. ಅದರ ಮೇಲೆ ಪಿಸ್ಟನ್ ರಿಂಗುಗಳ ಸಂದಿನಿಂದ ಉರಿದ ಅನಿಲವೂ ಅಷ್ಟಿಷ್ಟು ಕೆಳಗಿಳಿಯುತ್ತದೆ, ರಿಂಗು ಸವೆದಷ್ಟೂ ಹೆಚ್ಚು. ಈ ಒತ್ತಡವೆಲ್ಲ ಹೊರಹೋಗಲೆಂದೇ ಬ್ರೀದರ್ ಪೈಪ್ ಇರುವುದು. ಇಂಜಿನ್ ಉಸಿರಾಡುವ ಮೂಗು ಅದು. ಆ ಮೂಗು ಕಟ್ಟಿದರೆ ಒತ್ತಡ ಎಲ್ಲಿ ಬಲಹೀನ ಜಾಗ ಸಿಗುತ್ತದೋ ಅಲ್ಲಿಂದ ಎಣ್ಣೆಯನ್ನೂ ಕರೆದುಕೊಂಡು ಹೊರಬೀಳುತ್ತದೆ. ಮೊದಲು ಗಟ್ಟಿಯಾದ ಓ-ರಿಂಗ್. ಅದನ್ನು ಮುಚ್ಚಿದೆ, ಗೇರ್ ಶಾಫ್ಟ್. ಅದನ್ನೂ ಮುಚ್ಚಿದೆ, ವೈರಿನ ರಬ್ಬರು. ನಾನು ಒಂದೊಂದೇ ಕಿಟಕಿ ಮುಚ್ಚುತ್ತಿದ್ದೆ, ಬಾಗಿಲು ಎಲ್ಲಿ ಮುಚ್ಚಿಹೋಗಿದೆ ಎಂದು ನೋಡದೆ.

ಪೈಪಿನ ಜಾಡು ಹಿಡಿದೆ. ಕ್ರ್ಯಾಂಕ್‌ಕೇಸಿನ ಮೇಲಿನಿಂದ ಹೊರಟು, ಫ್ರೇಮಿನ ಪಕ್ಕದಲ್ಲಿ ಇಳಿದು, ಹಿಂದಿನ ಚಕ್ರದ ಮುಂಭಾಗದಲ್ಲಿ ಕೆಳಮುಖವಾಗಿ ತೆರೆದುಕೊಂಡಿತ್ತು. ತೆರೆದುಕೊಂಡಿರಬೇಕಿತ್ತು. ತುದಿಯಲ್ಲಿ ಬೆರಳಿಟ್ಟರೆ ಗಟ್ಟಿ. ಟಾರ್ಚ್ ಹಾಕಿದರೆ ನುಣ್ಣಗೆ ಸಾರಿಸಿದಂಥ ಮಣ್ಣು. ಕಣಜದ ಹುಳು ಗೂಡು ಕಟ್ಟಿತ್ತು. ಪೈಪ್ ಬಿಚ್ಚಿ, ತಂತಿಯಿಂದ ಮೆಲ್ಲಗೆ ಕೆದಕಿದೆ. ಮೊದಲ ಗೋಡೆ ಪುಡಿಯಾಗಿ ಉದುರಿತು. ಅದರ ಹಿಂದೆ ಒಂದು ಕೋಣೆ, ಅದರಲ್ಲಿ ಒಣಗಿದ ಜೇಡಗಳು, ಮಡಚಿದ ಕಾಲುಗಳ ಸಮೇತ ಐದಾರು. ಮತ್ತೊಂದು ಗೋಡೆ, ಮತ್ತೊಂದು ಕೋಣೆ. ತಾಯಿ ಕಣಜ ಜೇಡಗಳನ್ನು ಕುಟುಕಿ, ಸಾಯದಂತೆ ಅಲ್ಲಾಡದಂತೆ ಮಾಡಿ, ಹುಟ್ಟಲಿರುವ ಮರಿಗೆ ಬುತ್ತಿ ಕಟ್ಟಿಟ್ಟು, ಮೊಟ್ಟೆಯಿಟ್ಟು ಮಣ್ಣಿನಿಂದ ಬಾಗಿಲು ಹಾಕುತ್ತದೆ. ಗಾಡಿ ನಿಂತಿದ್ದ ಆ ಮೂರು ತಿಂಗಳಲ್ಲಿ ನನ್ನ ಬೈಕಿನ ಮೂಗಿನೊಳಗೆ ಒಂದು ಸಂಸಾರಕ್ಕೆ ಸಿದ್ಧತೆ ನಡೆದಿತ್ತು. ಬಿಸಿಗೋ ಎಣ್ಣೆಯ ಹಬೆಗೋ ಆ ಮರಿಗಳು ಉಳಿದಿರಲಿಲ್ಲ. ಮಣ್ಣನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಇದು ಅಪರೂಪದ ಸಂಗತಿಯೇನಲ್ಲ. 2013ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಹೊರಟ ಏರ್‌ಬಸ್ ಎ330 ವಿಮಾನವೊಂದು ವೇಗದ ಲೆಕ್ಕ ತಪ್ಪಿ ಹಾರಿದ ಸ್ವಲ್ಪ ಹೊತ್ತಿಗೇ ವಾಪಸ್ ಇಳಿಯಬೇಕಾಯಿತು. ವೇಗ ಅಳೆಯುವ ಪಿಟೋ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದು ತನಿಖೆಯಲ್ಲಿ ಕಂಡುಬಂತು. ವಿಮಾನ ನೆಲದ ಮೇಲೆ ನಿಂತಿದ್ದದ್ದು ಎರಡು ತಾಸಿನಷ್ಟು. ನನ್ನ ಗಾಡಿ ನಿಂತಿದ್ದದ್ದು ಮೂರು ತಿಂಗಳು.

ಪೈಪನ್ನು ಒಳಗೆಲ್ಲ ತೊಳೆದು, ಊದಿ, ಗಾಳಿ ಸಲೀಸಾಗಿ ಹಾಯುತ್ತದೆ ಎಂದು ಖಾತ್ರಿ ಮಾಡಿಕೊಂಡು ಕೂರಿಸಿದೆ. ವೈರಿನ ರಬ್ಬರನ್ನು ಮುಟ್ಟಲಿಲ್ಲ, ಬರೀ ಒರೆಸಿದೆ. ಅದು ತಾನಾಗಿ ಒಣಗಿತು.

ಈ ನಡುವೆ ನನಗೆ ಸಿಕ್ಕ ಸಲಹೆಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ಇವು ಎಲ್ಲರಿಗೂ ಸಿಗುತ್ತವೆ. ಹೊರಗಿನಿಂದ ಸಿಲಿಕಾನ್ ಪೇಸ್ಟ್ ಮೆತ್ತಿಬಿಡಿ ಎಂಬುದು ಮೊದಲನೆಯದು. ಎಣ್ಣೆಯ ಪಸೆ ಇರುವ ಲೋಹಕ್ಕೆ ಅದು ಹಿಡಿಯುವುದೇ ಇಲ್ಲ. ಕವರ್ ಬಿಚ್ಚಿ, ಎರಡು ಲೋಹದ ನಡುವೆ ಎಣ್ಣೆ ತಡೆಯುವ ತೆಳು ಹಾಳೆಯಾದ ಪ್ಯಾಕಿಂಗ್ ಜಾಗದಲ್ಲಿ ಧಾರಾಳವಾಗಿ ಹಚ್ಚಿದರೆ ಇನ್ನೂ ಅಪಾಯ: ಹೊರಗೆ ಎಷ್ಟು ಉಕ್ಕಿ ಬಂದಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಒಳಗಿನ ಆ ತುಣುಕು ಒಂದು ದಿನ ಕಿತ್ತುಕೊಂಡು ಆಯಿಲ್ ಜಾಲರಿಗೋ ಸಣ್ಣ ರಂಧ್ರಕ್ಕೋ ಅಡ್ಡ ಕೂರುತ್ತದೆ. ಹನಿ ನಿಲ್ಲಿಸಲು ಹೋಗಿ ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟಿಗೆ ಎಣ್ಣೆಯೇ ಇಲ್ಲದಂತಾಗುತ್ತದೆ. ಸೋರಿಕೆ ನಿಲ್ಲಿಸುವ ದ್ರಾವಣ ಆಯಿಲ್ಲಿಗೆ ಬೆರೆಸಿ ಎಂದವರೂ ಇದ್ದಾರೆ. ಕಾರಿನಲ್ಲಿ ಅದು ಹೇಗೋ ನಡೆದೀತು, ಆದರೆ ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಮುಳುಗಿರುವುದೂ ಅದೇ ಆಯಿಲ್ಲಿನಲ್ಲಿ. ಅಂಥ ಒದ್ದೆ ಕ್ಲಚ್ಚಿಗೆ ಹೊಂದುವ ಆಯಿಲ್ ಯಾವುದೆಂದು ಗುರುತಿಸಲು ಜಪಾನಿನವರು 1998ರಲ್ಲಿ ಜಾಸೋ ಎಂಎ ಎಂಬ ಮಾನದಂಡವನ್ನೇ ತಂದರು. ಏನೇನೋ ಬೆರೆಸಿ ಆ ಹೊಂದಾಣಿಕೆ ಕೆಡಿಸಿದರೆ ಕ್ಲಚ್ ಜಾರುತ್ತದೆ. ದಪ್ಪ ಆಯಿಲ್ ಹಾಕಿ ಎಂಬ ಮೂರನೇ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸೋರುವ ವೇಗ ತುಸು ಇಳಿಯಬಹುದು, ಆದರೆ ಚಳಿಯ ಬೆಳಿಗ್ಗೆ ಇಂಜಿನ್ ಶುರುವಾದಾಗ ಆ ಆಯಿಲ್ ಮೇಲಕ್ಕೇರಲು ಅಷ್ಟೇ ತಡವಾಗುತ್ತದೆ. ಒಂದು ಹನಿ ಉಳಿಸಲು ಆ ಬೆಲೆ ತೆರಬಾರದು.

ಸಣ್ಣ ಸೋರಿಕೆಯೇ ಆದರೂ ಒಂದು ದಿನವೂ ಕಾಯಬಾರದ ಸಂದರ್ಭಗಳಿವೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆ ಹಿಂದಿನ ಟೈರಿಗೆ ಅಥವಾ ಬ್ರೇಕಿಗೆ ತಗಲುತ್ತಿದ್ದರೆ ಗಾಡಿ ಹತ್ತಲೇಬೇಡಿ. ತಿರುವಿನಲ್ಲಿ ವಾಲಿದಾಗ ಒಂದು ಹನಿ ಸಾಕು. ಸೈಲೆನ್ಸರಿನ ಬಿಸಿ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿದ್ದರೂ ಹಾಗೆಯೇ. ಅಳತೆಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ಇಂಜಿನ್ನಿನೊಳಗೆ ಇಳಿದಿರಬಹುದು. ತೆಳ್ಳಗಾದ ಆ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ, ಇಂಜಿನ್ ಸ್ಟಾರ್ಟ್ ಮಾಡದೆ ಮೊದಲು ಅದನ್ನು ಸರಿಪಡಿಸಬೇಕು. ನೆಲದ ಮೇಲೆ ಹನಿಯಿಲ್ಲದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಅದು ಉರಿದು ಹೋಗುತ್ತಿದೆ, ಸೈಲೆನ್ಸರಿನ ನೀಲಿ ಹೊಗೆ ನೋಡಿ. ಆಯಿಲ್ ಮಟ್ಟ ನೋಡುವಾಗ ಗಾಡಿ ನೆಟ್ಟಗೆ ನಿಂತಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡಿ, ಕಡಿಮೆಯಿದೆ ಎಂದು ಮೇಲಿಂದ ಮೇಲೆ ಸುರಿದು, ಹೆಚ್ಚಾದ ಆಯಿಲ್ಲಿನಿಂದಲೇ ಸೋರಿಕೆ ತಂದುಕೊಂಡವರಿದ್ದಾರೆ. ಕಡ್ಡಿಯನ್ನು ತಿರುಗಿಸಿ ಕೂರಿಸಿ ನೋಡಬೇಕೋ ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಕೈಪಿಡಿ ಹೇಳಿದಂತೆ ಮಾಡಬೇಕು.

ನನ್ನ ಗಾಡಿ ಈಗ ಪೂರ್ತಿ ಒಣಗಿದೆ ಎಂದು ಹೇಳಲಾರೆ. ಸಿಲಿಂಡರಿನ ಬುಡದಲ್ಲಿ, ಅದು ಕ್ರ್ಯಾಂಕ್‌ಕೇಸಿಗೆ ಕೂಡುವ ಪ್ಯಾಕಿಂಗಿನ ಬಲ ಅಂಚಿನಲ್ಲಿ ಎರಡು ಬೆರಳಗಲ ಪಸೆ ಆಡುತ್ತದೆ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 22 ವರ್ಷ, ದಿನಕ್ಕೆ ಒಂದೆರಡು ಸಲ, ಒಂದು ಹೆಚ್ಚು ಒಂದು ಕಡಿಮೆ ಹಿಗ್ಗಿ ಕುಗ್ಗುವ ಭಾಗಗಳ ನಡುವೆ ಆ ತೆಳು ಹಾಳೆ ಸಿಕ್ಕಿಕೊಂಡು ಕೂತಿದೆ. ಅದನ್ನು ಬದಲಿಸಬೇಕೆಂದರೆ ಹೆಡ್ ಬಿಚ್ಚಬೇಕು, ಸಿಲಿಂಡರ್ ಎತ್ತಬೇಕು, ತನ್ನ ಜಾಗದಲ್ಲಿ ಒಗ್ಗಿ ಕೂತ ರಿಂಗುಗಳನ್ನು ಕದಲಿಸಬೇಕು. ಹಳೇ ಪ್ಯಾಕಿಂಗನ್ನು ಕೆರೆದು ತೆಗೆಯುವಾಗ ಲೋಹದ ಮೈಗೆ ಗಾಯವಾಗದಂತೆ ನೋಡಿಕೊಳ್ಳಬೇಕು. ಇನ್ನೂ ಹಳೆಯ ಗಾಡಿಗಳಾದರೆ ಆ ಪ್ಯಾಕಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು, ಒಣಗಿದ್ದಾಗ ಉಜ್ಜಿ ಆ ಧೂಳನ್ನು ಉಸಿರಿಗೆ ತೆಗೆದುಕೊಳ್ಳಬಾರದು. ನೆಲಕ್ಕೆ ಬೀಳದ ಎಣ್ಣೆಗಾಗಿ ಅಷ್ಟೆಲ್ಲ ಬಿಚ್ಚಲು ನನಗೆ ಮನಸ್ಸಿಲ್ಲ. ರಿಂಗೋ ವಾಲ್ವೋ ಕೆಲಸ ಕೇಳಿದ ದಿನ ಹೇಗೂ ಬಿಚ್ಚಬೇಕು, ಅಂದು ಅದೂ ಆಗುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸುತ್ತೇನೆ. ಬೆರಳಿಗೆ ಎಷ್ಟು ಹತ್ತಿತು ಎಂದು ನೋಡುತ್ತೇನೆ. ಬ್ರೀದರ್ ಪೈಪಿನ ತುದಿಯನ್ನೂ ಮುಟ್ಟಿ ನೋಡುತ್ತೇನೆ, ಹೆಚ್ಚು ದಿನ ನಿಲ್ಲಿಸುವುದಿದ್ದರೆ ಅದಕ್ಕೊಂದು ಸಣ್ಣ ಜಾಲರಿ ಬಟ್ಟೆ ಕಟ್ಟುತ್ತೇನೆ.

ಹಳೇ ರಟ್ಟನ್ನು ಕಳೆದ ವಾರ ತೆಗೆದೆ. ಅದರ ಮೇಲೆ ತಾರೀಖು ಬರೆದ 31 ವೃತ್ತಗಳಿವೆ, ಮೂರು ಗುಂಪಾಗಿ, ಮೂರು ಜಾಗದಲ್ಲಿ. ಹೊಸದನ್ನು ಹಾಸಿ ಮತ್ತೆ ಚಕ್ರದ ಗೆರೆ ಎಳೆದೆ. ನಿನ್ನೆ ಬೆಳಿಗ್ಗೆ ಅದರ ಮೇಲೆ ಒಂದು ಚುಕ್ಕೆ ಇತ್ತು. ಎದೆ ಒಂದು ಕ್ಷಣ ಧಸಕ್ಕೆಂದಿತು. ಕೂತು ನೋಡಿದೆ. ಹಿಂದಿನ ಚಕ್ರದ ಗೆರೆಗೆ ಹತ್ತಿರ, ಇಂಜಿನ್ನಿನಿಂದ ಒಂದೂವರೆ ಅಡಿ ಹಿಂದೆ. ಬಣ್ಣ ಕಪ್ಪಲ್ಲ, ಕೆಂಪು ಮಿಶ್ರಿತ ಕಂದು. ಬೆರಳಿಗೆ ಅಂಟುತ್ತಿತ್ತು, ಜಾರುತ್ತಿರಲಿಲ್ಲ. ಹಿಂದಿನ ದಿನ ಚೈನಿಗೆ ಹಾಕಿದ ಎಣ್ಣೆ. ವೃತ್ತ ಎಳೆದು, ಪಕ್ಕದಲ್ಲಿ 'ಚೈನ್' ಎಂದು ಬರೆದು, ಗಾಡಿ ಸ್ಟಾರ್ಟ್ ಮಾಡಿದೆ.